ಬಾಯಿ ಹೊಲಿಯದ ಚೀಲ

ನನ್ನ ದೊಡ್ಡಮ್ಮ ಪಲೊಂಬಾ ಹಬೀಫ್ ಪುಸ್ತಕಗಳ ಹೆಣಕ್ಕೆ ಬಟ್ಟೆ ಹೊಲಿಯುತ್ತಿದ್ದಳು. ನಗಬೇಡಿ. ದೇವರ ಹೆಸರು ಅಚ್ಚಾದ ಕಾಗದವನ್ನು ನಾವು ಯೆಹೂದ್ಯರು ಸುಡುವುದಿಲ್ಲ, ಅದರಲ್ಲಿ ಪೊಟ್ಟಣ ಕಟ್ಟುವುದಿಲ್ಲ. ಹಾಳೆ ಉದುರಿ, ಬೆನ್ನು ಮುರಿದು, ಇನ್ನು ಓದಲಾಗದು ಎನ್ನುವ ಸ್ಥಿತಿಗೆ ಬಂದ ಪ್ರಾರ್ಥನೆಯ ಪುಸ್ತಕವನ್ನು ನಮ್ಮ ಪ್ರಾರ್ಥನಾ ಮಂದಿರ ಸಿನಗಾಗಿನ ಮೂಲೆಯಲ್ಲಿರುವ ಪೆಟ್ಟಿಗೆಗೆ ಹಾಕುತ್ತೇವೆ. ಪೆಟ್ಟಿಗೆ ತುಂಬಿದ ಮೇಲೆ ಎಲ್ಲವನ್ನೂ ಬಿಳಿ ಬಟ್ಟೆಯ ಚೀಲಕ್ಕಿಳಿಸಿ, ಬಾಯಿ ಹೊಲಿದು, ಸ್ಮಶಾನಕ್ಕೆ ಒಯ್ದು, ಮನುಷ್ಯರನ್ನು ಹೂಳಿದ ಹಾಗೆಯೇ ಹೂಳುತ್ತೇವೆ. ತುರ್ಕಿಯ ಇಜ್ಮಿರಿನ ಹಾವ್ರಾ ಬೀದಿಯಲ್ಲಿ ಐವತ್ತು ವರ್ಷ ಆ ಚೀಲಗಳನ್ನು ಹೊಲಿದವಳು ನನ್ನ ದೊಡ್ಡಮ್ಮ. ಮನುಷ್ಯರ ಶವದ ಬಟ್ಟೆಯನ್ನೂ ಅವಳೇ ಹೊಲಿಯುತ್ತಿದ್ದಳು. ಆ ಕೆಲಸದ ಬಗ್ಗೆ ಮಾತ್ರ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ.

ಈಗ ಅವಳ ವಿಷಯ ಬಂದರೆ ತಲೆಗೊಂದು ಕತೆ ಹೇಳುತ್ತಾರೆ. ಅವಳಿಗೆ ಓದು ಬರುತ್ತಿರಲಿಲ್ಲ ಅನ್ನುವವರಿದ್ದಾರೆ. ಕಳ್ಳತನದಿಂದ ಪುಸ್ತಕ ಕೂಡಿಟ್ಟಳು ಅನ್ನುವವರೂ ಇದ್ದಾರೆ. ಅಂಥವರಿಗೆಲ್ಲ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ. ನಲವತ್ತು ವರ್ಷ ಔಷಧಿ ಅಂಗಡಿ ನಡೆಸಿದವಳು ನಾನು, ಯಾವ ಶೀಶೆಯಲ್ಲಿ ಏನಿದೆ ಎಂದು ಚೀಟಿ ಅಂಟಿಸಿ ಅಭ್ಯಾಸ. ಇದನ್ನೂ ಹಾಗೇ ಬರೆದಿಡುತ್ತಿದ್ದೇನೆ.

ದೊಡ್ಡಮ್ಮನಿಗೆ ಓದು ಬರುತ್ತಿತ್ತು. ಅವಳ ಅಪ್ಪ, ಅಂದರೆ ನನ್ನ ಅಜ್ಜ ಬೊಹೋರ್, ಪುಸ್ತಕಕ್ಕೆ ರಟ್ಟು ಕಟ್ಟುವವನು. ಹೆಣ್ಣುಮಕ್ಕಳಿಗೆ ಪ್ರಾರ್ಥನೆಯ ಹೀಬ್ರೂ ಅಕ್ಷರ ಕಲಿಸುವ ರೂಢಿ ಇರಲಿಲ್ಲ. ಆದರೆ ಅಜ್ಜನಿಗೆ ಗಂಡುಮಕ್ಕಳಿರಲಿಲ್ಲ, ಹಾಳೆ ಹಿಂದುಮುಂದಾಗದ ಹಾಗೆ ಜೋಡಿಸಲು ಯಾರಾದರೂ ಬೇಕಿತ್ತು. ಹಾಗಾಗಿ ಅವಳು ಕಲಿತಳು. ಕಳ್ಳತನವನ್ನಂತೂ ಮಾಡಲೇ ಇಲ್ಲ. ಪೆಟ್ಟಿಗೆಗೆ ಬಿದ್ದ ಪುಸ್ತಕದಲ್ಲಿ ಇನ್ನೂ ಜೀವ ಇದೆ ಅನ್ನಿಸಿದರೆ ತೆಗೆಯಬಹುದೇ ಎಂದು ಅವಳು ಹಿಂದಿನ ಕಾಲದ ಹಾಹಾಮರನ್ನು, ಅಂದರೆ ನಮ್ಮ ಗುರುಗಳನ್ನು, ನೇರವಾಗಿ ಕೇಳಿದ್ದಳು. "ಚೀಲದ ಬಾಯಿ ಹೊಲಿಯೋ ತನಕ ಅದು ಪುಸ್ತಕ ಕಣಮ್ಮ. ಹೊಲಿದ ಮೇಲೆ ಅದು ಹೆಣ, ಮುಟ್ಟಬೇಡ," ಎಂದು ಅವರು ಕಡ್ಡಿ ಮುರಿದಂತೆ ಹೇಳಿದ್ದರು. ಸೂಜಿ ಇದ್ದದ್ದು ದೊಡ್ಡಮ್ಮನ ಕೈಯಲ್ಲಿ.

ಆದರೆ ಈ ಪ್ರಶ್ನೆ ಅವಳ ತಲೆಗೆ ಬಂದದ್ದು ಒಂದು ತಪ್ಪಾದ ಮೇಲೆ. 1931ರಲ್ಲಿ ಅವಳಿಗೆ ಹತ್ತೊಂಬತ್ತು ವರ್ಷ. ಪೆಸಾಹ್ ಹಬ್ಬಕ್ಕೆ ಮುಂಚೆ ಸಿನಗಾಗ್ ತೊಳೆಯುವ ಗಡಿಬಿಡಿ, ಪೆಟ್ಟಿಗೆ ತುಂಬಿ ಉಕ್ಕುತ್ತಿತ್ತು. ಚೀಲಕ್ಕೆ ತುಂಬುವಾಗ ಅಂಗೈಯಗಲದ ಒಂದು ಪುಸ್ತಕ ಕೈಗೆ ಸಿಕ್ಕಿತು. ಮೊದಲ ಪುಟದಲ್ಲಿ ಕಿರೀಟ ತೊಟ್ಟು ಸಿಂಹಾಸನದ ಮೇಲೆ ಕೂತ ಒಬ್ಬನ ಚಿತ್ರ. ಅಕ್ಷರದ ಕಡೆ ನೋಡುವಷ್ಟು ಪುರಸೊತ್ತಿಲ್ಲದೆ, ಪೂರಿಮ್ ಹಬ್ಬದಲ್ಲಿ ಮಕ್ಕಳಿಗೆ ಕೊಡುವ ರಾಜನ ಕತೆಯಿರಬೇಕು ಎಂದುಕೊಂಡು ಒಳಗೆ ಹಾಕಿ ಬಾಯಿ ಹೊಲಿದಳು. ಮರುದಿನ ಹೂಳಿಯೂ ಆಯಿತು.

ಊಟಕ್ಕೆ ಕೂತಾಗ ಅಪ್ಪನಿಗೆ ಸುಮ್ಮನೆ ಹೇಳಿದಳಂತೆ. ಅಜ್ಜ ಚಮಚ ಕೆಳಗಿಟ್ಟ.

"ಸುತ್ತ ಮುದುಕರು ನಿಂತಿದ್ರಾ? ಮೇಲೆ ಕಿರೀಟ ಹಿಡ್ಕೊಂಡ ದೇವದೂತರಿದ್ರಾ?"

"ಹೂಂ ಅಪ್ಪ, ಇದ್ರು."

"ಅದು ಪೂರಿಮ್ ರಾಜ ಅಲ್ಲ ಮಗಳೇ. ಅದು ಅವನು."

ನಮ್ಮೂರಿನಲ್ಲಿ ಬರೀ 'ಅವನು' ಎಂದರೆ ಒಬ್ಬನೇ. ಹೆಸರು ಶಬ್ಬತಾಯ್. ಮುನ್ನೂರು ವರ್ಷಗಳ ಹಿಂದೆ ಇದೇ ಊರಲ್ಲಿ ಹುಟ್ಟಿ, ನೀವು ಕಾಯುತ್ತಿರುವ ಉದ್ಧಾರಕ ನಾನೇ ಎಂದವನು. ಇಲ್ಲಿಂದ ಆಮ್‌ಸ್ಟರ್ಡಾಮಿನವರೆಗೆ ನಮ್ಮವರು ನಂಬಿದರು. ಮನೆ ಮಾರಿದರು, ಟ್ರಂಕು ಕಟ್ಟಿದರು, ಜೆರುಸಲೇಮಿಗೆ ಹೋಗುವ ಹಡಗಿಗೆ ಕಾದು ಕೂತರು. ಕಾಯುವಾಗ ಹಗಲಿಗಿಷ್ಟು ರಾತ್ರಿಗಿಷ್ಟು ಹೇಳಿಕೊಳ್ಳಲೆಂದು ಜೇಬಿಗೆ ಹಿಡಿಯುವ ಪ್ರಾರ್ಥನೆಯ ಪುಸ್ತಕಗಳನ್ನು ಅವಸರದಲ್ಲಿ ಅಚ್ಚು ಹಾಕಿದರು. ಆಮೇಲೆ ಸುಲ್ತಾನ ಅವನನ್ನು ಕರೆಸಿ, ತಲೆ ಕೊಡುತ್ತೀಯೋ ರುಮಾಲು ಸುತ್ತುತ್ತೀಯೋ ಎಂದ. ಅವನು ರುಮಾಲು ಸುತ್ತಿ ಮತ ಬದಲಿಸಿದ. ನಮ್ಮವರು ತಲೆ ಎತ್ತಿ ತಿರುಗದಂತಾಯಿತು. ಪುಸ್ತಕಗಳ ಮೊದಲ ಪುಟವನ್ನು ಕಿತ್ತು ಹಾಕಿದರು. ಒಳಗಿನ ಪುಟಗಳಲ್ಲಿ ದೇವರ ಹೆಸರಿತ್ತಲ್ಲ, ಅವನ್ನು ಮುಟ್ಟುವ ಧೈರ್ಯವಾಗಲಿಲ್ಲ. ಓದಲೂ ಇಲ್ಲ, ಎಸೆಯಲೂ ಇಲ್ಲ, ಟ್ರಂಕಿನ ತಳಕ್ಕೆ ಹಾಕಿ ಸುಮ್ಮನಾದರು.

"ಆ ಚಿತ್ರ ಹಿರಿಯರ ಬಾಯಲ್ಲಿ ಕೇಳಿ ಗೊತ್ತು ಅಷ್ಟೇ, ಮೊದಲ ಪುಟ ಇರೋದನ್ನ ನಾನು ಐವತ್ತು ವರ್ಷದಲ್ಲಿ ಒಂದ್ಸಲಾನೂ ನೋಡಿಲ್ಲ," ಎಂದ ಅಜ್ಜ. "ನೀನು ನೋಡಿದೆ. ನೋಡಿ ಮಣ್ಣಿಗೆ ಹಾಕಿದೆ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ದೊಡ್ಡಮ್ಮ ಎಷ್ಟೋ ಸಲ ಹೇಳಿದ್ದಾಳೆ.

ಅಲ್ಲಿಂದ ಶುರುವಾಯಿತು ಅವಳ ಹುಡುಕಾಟ. ಒಂದು ಸಿಕ್ಕಿದ್ದು ಪೆಟ್ಟಿಗೆಯಲ್ಲಿ, ಲಗ್ನಪತ್ರಿಕೆಗಳ ನಡುವೆ. ಇನ್ನೊಂದನ್ನು ಕರಾತಾಷ್ ಬಡಾವಣೆಯ ಒಬ್ಬ ವಿಧವೆ ಕೊಟ್ಟಳು. ಗಂಡನ ಶವದ ಬಟ್ಟೆಗೆ ದೊಡ್ಡಮ್ಮ ಕೂಲಿ ತೆಗೆದುಕೊಳ್ಳದಿದ್ದಾಗ ಆಕೆ ಒಳಗೆ ಹೋಗಿ, ಹಳೆಯ ಕಾಲುಚೀಲದಲ್ಲಿ ಸುತ್ತಿಟ್ಟಿದ್ದನ್ನು ತಂದು ಮಡಿಲಿಗೆ ಹಾಕಿ, "ಇದು ನಮ್ಮನೇದು ಅಂತ ಯಾರಿಗೂ ಹೇಳ್ಬೇಡಿ ತಾಯಿ," ಎಂದಳಂತೆ. ನಾಲ್ಕು ಸಿಕ್ಕಿದ್ದು 1949ರ ಚಳಿಗಾಲದಲ್ಲಿ. ಆಗ ಅರ್ಧ ಬೀದಿಯೇ ಗಂಟುಮೂಟೆ ಕಟ್ಟಿ ಇಸ್ರೇಲಿಗೆ ಹೊರಟಿತ್ತು. ಹೊರೆ ಹಗುರಾಗಲೆಂದು ಜನ ಪುಸ್ತಕಗಳನ್ನು ಸಿನಗಾಗಿನ ಅಂಗಳದಲ್ಲಿ ರಾಶಿ ಹಾಕಿ ಹೋದರು. ದೊಡ್ಡಮ್ಮ ಆ ಚಳಿಗಾಲ ನಲವತ್ತು ಚೀಲ ಹೊಲಿದಳು. ಒಂದೊಂದು ಪುಸ್ತಕವನ್ನೂ ಬಿಚ್ಚಿ ನೋಡದೆ ಒಳಗೆ ಹಾಕಲಿಲ್ಲ. "ಆವಾಗ್ಲೂ ಹೀಗೇ ಟ್ರಂಕು ಕಟ್ಟಿದ್ರು, ಪಾಪ," ಎಂದಿದ್ದಳು ನನ್ನಮ್ಮನ ಹತ್ತಿರ. "ಈ ಸಲ ಹಡಗು ಬಂತು ನೋಡು." ಅದೇ ವರ್ಷ ಅಜ್ಜ ತೀರಿಕೊಂಡ. ಕೊನೆಯ ದಿನಗಳಲ್ಲೂ ಅವಳು ಬಾಗಿಲು ದಾಟಿ ಒಳಗೆ ಬಂದ ಕೂಡಲೇ ಹುಬ್ಬು ಮೇಲೇರಿಸುತ್ತಿದ್ದನಂತೆ, ಮೊದಲ ಪುಟ ಇರುವುದು ಸಿಕ್ಕಿತೇ ಎಂದು. ಅವಳು ಇಲ್ಲವೆಂದು ತಲೆಯಾಡಿಸುತ್ತಿದ್ದಳು.

ನನಗೆ ಬುದ್ಧಿ ಬರುವ ಹೊತ್ತಿಗೆ ಇನ್ನೂ ಮೂರು ಸಿಕ್ಕಿದ್ದವು, ಅವಳ ಅಡುಗೆಮನೆಯ ಕಪಾಟಿನ ಮೇಲೆ ಒಂದು ಬಿಸ್ಕತ್ತಿನ ಡಬ್ಬಿಯಿತ್ತು. ಅದರೊಳಗೆ ಒಂಬತ್ತು ಪುಸ್ತಕ, ಒಂದೊಂದೂ ಬಿಳಿ ಬಟ್ಟೆಯ ತುಂಡಿನಲ್ಲಿ ಸುತ್ತಿದ್ದು. ಒಂಬತ್ತರಲ್ಲೂ ಮೊದಲ ಪುಟ ಇರಬೇಕಾದ ಜಾಗದಲ್ಲಿ ಹರಿದ ಅಂಚು. ಒಬ್ಬರು ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದರು. ಇನ್ನೊಬ್ಬರು ಸಿಟ್ಟಿನಿಂದ ಕಿತ್ತು ಎರಡನೆಯ ಪುಟವನ್ನೂ ಗಾಯ ಮಾಡಿದ್ದರು. ಆ ಗಾಯಕ್ಕೆ ದೊಡ್ಡಮ್ಮ ತೆಳುಕಾಗದ ಅಂಟಿಸಿದ್ದಳು. ಒಮ್ಮೆ ಹೊರದೇಶದ ದೊಡ್ಡಮನುಷ್ಯನೊಬ್ಬ ಎಲ್ಲಿಂದಲೋ ವಾಸನೆ ಹಿಡಿದು ಕೊಳ್ಳಲು ಬಂದ. ಅವನಿಗೆ ಎರಡು ಬೊಯೋಸ್ ರೊಟ್ಟಿ, ಒಂದು ಬೇಯಿಸಿದ ಮೊಟ್ಟೆ ಕೊಟ್ಟು, "ತಿಂದ್ಕೊಂಡು ಹೋಗಪ್ಪ, ದೂರದಿಂದ ಬಂದಿದ್ದೀಯ," ಎಂದು ಕಳಿಸಿದಳು. ಡಬ್ಬಿ ಕೆಳಗಿಳಿಸಲೇ ಇಲ್ಲ.

"ನೀನು ಅವನನ್ನ ನಂಬ್ತೀಯಾ ದೊಡ್ಡಮ್ಮ?" ಎಂದು ನಾನೊಮ್ಮೆ ಕೇಳಿದ್ದೆ.

"ಅವನನ್ನ ಕಟ್ಕೊಂಡು ನನಗೇನಾಗ್ಬೇಕು? ಅವನು ಕೆಟ್ಟ, ಸರಿ. ನಮ್ಮಜ್ಜಿ ಮುತ್ತಜ್ಜಿಯರು ಅತ್ತು ಅತ್ತು ಹೇಳ್ಕೊಂಡ ಪ್ರಾರ್ಥನೆ ಯಾಕೆ ಕೆಡುತ್ತೆ ವೀದಾ? ಇಲ್ನೋಡು, ಹೆಬ್ಬೆರಳು ಇಟ್ಟು ಇಟ್ಟು ಮೂಲೆ ಸವೆದಿರೋದು. ಇವ್ರ ಬಗ್ಗೆ ನಾನ್ಯಾಕೆ ನಾಚಿಕೊಳ್ಳಲಿ?"

1974ರ ವಸಂತದಲ್ಲಿ ಆ ಡಬ್ಬಿಗೆ ಸಂಚಕಾರ ಬಂತು. ನಮ್ಮ ಸಮಾಜದ ಅಧ್ಯಕ್ಷ ಮೋರ್ದೆಹಾಯ್ ಟಾರಗಾನೋ, ಒಣ ಅಂಜೂರದ ದೊಡ್ಡ ವ್ಯಾಪಾರಿ, ಟೋಪಿ ತೆಗೆಯದೆ ಅಡುಗೆಮನೆಗೇ ಬಂದು ಕೂತ. ಚಿಕ್ಕಂದಿನಲ್ಲಿ ಅವನೂ ದೊಡ್ಡಮ್ಮನೂ ಒಂದೇ ವಠಾರದವರು. ಅವನ ಅಜ್ಜಿ ಮಜಾಲ್ತೋ ಬೆಳಗಾದರೆ ಅಂಗಳದಲ್ಲಿ ಅಂಜೂರ ಹರವುತ್ತಾ ತುಟಿಯಲ್ಲೇ ಏನೋ ಹಾಡಿಕೊಳ್ಳುತ್ತಿದ್ದಳಂತೆ, ಮಕ್ಕಳು ಹತ್ತಿರ ಹೋದರೆ ನಿಲ್ಲಿಸಿಬಿಡುತ್ತಿದ್ದಳಂತೆ. ಈಗ ಮೊಮ್ಮಗನಿಗೆ ಕಾರಿತ್ತು, ಜನ ಕೊಡುವ ಬಹುವಚನವೂ ಇತ್ತು.

"ಪಲೊಂಬಾ ಅಮ್ಮನವರೇ, ಪತ್ರಿಕೆಯೋನೊಬ್ಬ ಅವನ ಸಂಗತಿ ಕೆದಕ್ಕೊಂಡು ಊರೆಲ್ಲಾ ತಿರುಗ್ತಿದ್ದಾನೆ. ನಿಮ್ಮ ಡಬ್ಬಿ ವಿಷಯ ಆ ಪತ್ರಿಕೆಯೋನ ಕಿವಿಗೆ ಬಿದ್ರೆ ನಮ್ಮೆಲ್ಲರ ಮಾನ ಬೀದಿಪಾಲು. ಈ ಭಾನುವಾರ ಪುಸ್ತಕ ಹೂಳೋದಿದೆಯಲ್ಲ, ಆ ಒಂಬತ್ತನ್ನೂ ಹಾಕ್ಬಿಡಿ."

"ಯಾಕೆ ಯಜಮಾನ್ರೇ, ನಿಮ್ಮ ಅಂಜೂರದ ಮೇಲೆ ಬರೆದಿದೆಯಾ ಅವನ ಹೆಸರು?"

"ತಮಾಷೆ ಬೇಡ. ಹಾಹಾಮರ ಹತ್ರ ಮಾತಾಡಿ ಬಂದಿದ್ದೀನಿ."

"ನಾನಿನ್ನೂ ಮಾತಾಡಿಲ್ಲ," ಎಂದಳು ದೊಡ್ಡಮ್ಮ. ಏಪ್ರನ್ ಕಳಚಿ ಅಲ್ಲೇ ಕುರ್ಚಿಗೆ ಹಾಕಿ, ಡಬ್ಬಿ ಕಂಕುಳಲ್ಲಿಟ್ಟುಕೊಂಡು, ಅವನನ್ನು ಅಡುಗೆಮನೆಯಲ್ಲಿ ಕೂರಿಸಿಯೇ ಹೊರಟಳು. ನಾನು ಹಿಂದೆ ಓಡಿದೆ.

ಆಗಿನ ಹಾಹಾಮ್ ಇಶಾಕ್ ಅಲ್‌ಗ್ರಾಂತಿ ಚಿಕ್ಕ ವಯಸ್ಸಿನವರು, ಸಾಧು ಮನುಷ್ಯ. ಯಾರ ಮನಸ್ಸನ್ನೂ ನೋಯಿಸಲಾರದೆ ಒದ್ದಾಡುವ ಜಾತಿ. ದೊಡ್ಡಮ್ಮ ಹೇಳಿದ್ದನ್ನೆಲ್ಲ ಕೇಳಿ ಗಡ್ಡ ನೀವಿಕೊಂಡರು.

"ನೋಡಿ ಅಮ್ಮ, ಓದೋಕೆ ಬರೋ ಪುಸ್ತಕಾನ ಹೂಳ್ಬಾರ್ದು, ಯಾರೂ ಓದದೇ ಇರೋದನ್ನ ಹೂಳ್ಬೇಕು. ಇವನ್ನ ಮುನ್ನೂರು ವರ್ಷದಿಂದ ಯಾರು ಓದಿದ್ದಾರೆ ಹೇಳಿ?"

"ಓದಿದ್ರೆ?"

"ಅಂದ್ರೆ?"

"ಹತ್ತು ಜನ ಗಂಡಸರು ಸಿನಗಾಗಿನಲ್ಲಿ ನಿಂತು ಇದನ್ನ ಕೈಲಿ ಹಿಡ್ಕೊಂಡು ಪೂರ್ತಿ ಹೇಳಿ ಮುಗಿಸಿದ್ರೆ? ಆವಾಗ್ಲೂ ಇದು ಸತ್ತಿದ್ದೇ ಅಂತೀರಾ?"

ಹಾಹಾಮರು ಡಬ್ಬಿಯಿಂದ ಒಂದು ಪುಸ್ತಕ ತೆಗೆದುಕೊಂಡು ತುಂಬ ಹೊತ್ತು ತಿರುವಿದರು. ಕೀರ್ತನೆಗಳು, ಪ್ರವಾದಿಗಳ ಮಾತುಗಳು, ಕ್ಷಮೆ ಕೇಳುವ ಪ್ರಾರ್ಥನೆಗಳು. ಅವನ ಹೆಸರು ಎಲ್ಲೂ ಇರಲಿಲ್ಲ, ಅದೆಲ್ಲ ಇದ್ದದ್ದು ಕಿತ್ತುಹೋದ ಮೊದಲ ಪುಟದಲ್ಲಿ. "ಭಾನುವಾರ ಬೆಳಿಗ್ಗೆ, ಹೂಳೋಕೆ ಹೊರಡೋಕೆ ಮುಂಚೆ," ಎಂದರು ಕೊನೆಗೆ. "ಹತ್ತು ಜನ ಸೇರಿದ್ರೆ ಇವು ಉಳೀತವೆ. ಸೇರ್ಲಿಲ್ಲಾಂದ್ರೆ ನೀವೇ ನಿಮ್ಮ ಕೈಯಾರೆ ಚೀಲಕ್ಕೆ ಹಾಕ್ಬೇಕು. ಮಾತಂದ್ರೆ ಮಾತು."

"ಮಾತಂದ್ರೆ ಮಾತು," ಎಂದಳು ದೊಡ್ಡಮ್ಮ.

ನಮ್ಮಲ್ಲಿ ಎಂಥ ಪ್ರಾರ್ಥನೆಗೂ ಕೊನೆಯಲ್ಲಿ ಕದ್ದೀಶ್ ಎಂಬ ಸ್ತುತಿ ಹೇಳಬೇಕಾದರೆ ಹತ್ತು ಗಂಡಸರು ಇರಲೇಬೇಕು. ಒಂಬತ್ತು ಸಂತರಿದ್ದರೂ ನಡೆಯುವುದಿಲ್ಲ. ಹೆಂಗಸರು ಲೆಕ್ಕಕ್ಕೇ ಇಲ್ಲ. ಇದ್ದಿದ್ದರೆ ನನ್ನ ದೊಡ್ಡಮ್ಮ ಒಬ್ಬಳೇ ಹತ್ತಾಗುತ್ತಿದ್ದಳು ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಮೂರು ದಿನ ಅವಳು ಮನೆ ಮನೆ ಹತ್ತಿ ಇಳಿದಳು. ಟಾರಗಾನೋ ಮೊದಲೇ ಎಲ್ಲರ ಕಿವಿ ಊದಿದ್ದ. ಕೆಲವರಿಗೆ ಇದ್ದಕ್ಕಿದ್ದಂತೆ ಮಂಡಿನೋವು ಬಂತು, ಕೆಲವರಿಗೆ ದೂರದ ಚೆಷ್ಮೆ ಊರಿನಲ್ಲಿ ಕೆಲಸ ಬಿತ್ತು. ಮೀನಂಗಡಿಯ ಯೋಮ್ತೋವ್ ಮಾತ್ರ ಚಾಕು ಒರೆಸುತ್ತಾ, "ನಮ್ಮಮ್ಮನ್ನ ಕೊನೇ ಸಲ ಸಿಂಗಾರ ಮಾಡಿದ್ದು ನೀವು ಪಲೊಂಬಕ್ಕ. ಎಷ್ಟು ಗಂಟೆಗೆ ಬರ್ಲಿ?" ಎಂದ. ಆಗ ನನಗೆ ಹೊಳೆಯಿತು. ಆ ಬೀದಿಯಲ್ಲಿ ಅವಳ ಸೂಜಿಯ ಹಂಗಿಲ್ಲದ ಮನೆಯೇ ಇರಲಿಲ್ಲ. ಅವಳು ಅದನ್ನು ಒಬ್ಬರಿಗೂ ನೆನಪಿಸಲಿಲ್ಲ, ನೆನಪಿದ್ದವರು ತಾವಾಗಿ ಒಪ್ಪಿದರು.

ಭಾನುವಾರ ಬೆಳಿಗ್ಗೆ ಬಂದವರು ಹಾಹಾಮರೂ ಸೇರಿ ಒಂಬತ್ತು ಜನ. ಒಂಬತ್ತು ಪುಸ್ತಕ ಒಂಬತ್ತು ಕೈಗೆ ಹೋಯಿತು. ಹತ್ತನೆಯವನಿಗಾಗಿ ಕಾದೆವು. ಗಡಿಯಾರದಲ್ಲಿ ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಸ್ಮಶಾನದ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಸವೆದ ಪುಸ್ತಕಗಳು ತುಂಬಿದ್ದ ಚೀಲ ಬಾಗಿಲ ಪಕ್ಕದ ಬೆಂಚಿನ ಮೇಲಿತ್ತು, ದೊಡ್ಡಮ್ಮ ಬೇಕೆಂದೇ ಬಾಯಿ ಹೊಲಿದಿರಲಿಲ್ಲ. ದಾರ ಪೋಣಿಸಿದ ಸೂಜಿಯನ್ನು ಎದೆಯ ಮೇಲೆ ಚುಚ್ಚಿಕೊಂಡು ಬೀದಿಯನ್ನೇ ನೋಡುತ್ತಿದ್ದಳು. ಯೋಮ್ತೋವ್ ನೆಲ ನೋಡತೊಡಗಿದ. ಹಾಹಾಮರು ಗಂಟಲು ಸರಿಮಾಡಿಕೊಂಡು, "ಅಮ್ಮ..." ಎಂದರು.

ಅವಳು ಒಬ್ಬೊಬ್ಬರ ಕೈಯಿಂದಲೂ ಪುಸ್ತಕ ವಾಪಸ್ ತೆಗೆದುಕೊಳ್ಳತೊಡಗಿದಳು. ನನಗೆ ಅಳು ತಡೆಯಲಾಗಲಿಲ್ಲ. ಮೂರನೆಯವರ ಹತ್ತಿರ ಹೋಗಿದ್ದಾಗ ಬಾಗಿಲಲ್ಲಿ ಟಾರಗಾನೋ ಕಾಣಿಸಿಕೊಂಡ. ನಮ್ಮನ್ನು ನೋಡಿಯೂ ನೋಡದವನಂತೆ ಬೆಂಚಿನ ಹತ್ತಿರ ನಿಂತು ಕೋಟಿನೊಳಗೆ ಕೈ ಹಾಕಿ, ಏನನ್ನೋ ತೆಗೆದು ಚೀಲದೊಳಕ್ಕೆ ಇಳಿಬಿಟ್ಟ. ಕರವಸ್ತ್ರದಿಂದ ಕೈ ಒರೆಸಿಕೊಂಡ.

ಅಷ್ಟು ವರ್ಷ ಚೀಲ ಹೊಲಿದವಳ ಕಣ್ಣು ಅದು. ದೊಡ್ಡಮ್ಮ ನೇರ ಬೆಂಚಿಗೆ ಹೋಗಿ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿದಳು.

"ಅದನ್ನ ಮುಟ್ಬೇಡಿ!" ಎಂದ ಟಾರಗಾನೋ. ದನಿ ಅಧ್ಯಕ್ಷರದ್ದಾಗಿರಲಿಲ್ಲ.

"ಬಾಯಿ ಹೊಲಿದಿಲ್ಲ ಮೋರ್ದೆಹಾಯ್."

ಅವಳು ತೆಗೆದದ್ದು ಒಂದು ರೇಷ್ಮೆ ಕರವಸ್ತ್ರದ ಗಂಟು. ಬಿಚ್ಚಿದಳು. ಅಂಗೈಯಗಲದ ಪುಸ್ತಕ. ರಟ್ಟು ತೆರೆದಳು. ಕಿರೀಟ, ಸಿಂಹಾಸನ, ಸುತ್ತ ನಿಂತ ಮುದುಕರು, ಎಲ್ಲ ಇತ್ತು. ಮೂಲೆ ಕೂಡ ಹರಿದಿರಲಿಲ್ಲ.

ದೊಡ್ಡಮ್ಮ ಬೆಂಚಿನ ಮೇಲೆ ಕುಸಿದು ಕೂತಳು. "ಇವನೇ," ಎಂದಳು. "ನಾನು ಮಣ್ಣಿಗೆ ಹಾಕಿದೋನು ಇವನೇ. ಅಪ್ಪ, ನೋಡಪ್ಪ ಇಲ್ಲಿ." ಅವಳು ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಟಾರಗಾನೋ ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದ. "ನಮ್ಮಜ್ಜೀದು," ಎಂದ. "ಸಾಯೋವಾಗ ನನ್ನ ಕೈಗೆ ಕೊಟ್ಲು. ಹರೀಬೇಡ ಅಂದ್ಲು. ಯಾರಿಗೂ ತೋರಿಸ್ಬೇಡ ಅಂತಾನೂ ಅಂದ್ಲು. ಇಷ್ಟು ವರ್ಷ ಎದೆ ಮೇಲೆ ಕಲ್ಲಿಟ್ಕೊಂಡಿದ್ದೆ. ಎಲ್ಲಾ ಒಟ್ಟಿಗೆ ಮಣ್ಣಾಗ್ಲಿ ಅಂತ..."

ಆ ಕ್ಷಣ ಅದು ದೊಡ್ಡಮ್ಮನದು. ಹಳೆಯ ಹಾಹಾಮರ ಮಾತಿನ ಪ್ರಕಾರ, ಚೀಲಕ್ಕೆ ಬಿದ್ದ, ಬಾಯಿ ಹೊಲಿಯದ ಪುಸ್ತಕ. ನಲವತ್ಮೂರು ವರ್ಷ ಹುಡುಕಿದ್ದು. ಸುಮ್ಮನೆ ಮಡಿಲಿಗೆ ಹಾಕಿಕೊಂಡಿದ್ದರೆ ಯಾರೂ ಕೇಳುವಂತಿರಲಿಲ್ಲ. ಅವಳು ಎದ್ದು, ಕಣ್ಣೊರೆಸಿಕೊಂಡು, ಅದನ್ನು ಟಾರಗಾನೋನ ಕೈಗೇ ವಾಪಸ್ ಇಟ್ಟಳು.

"ಹಿಡ್ಕೋ. ಒಂಬತ್ತು ಜನ ಇದ್ದಾರೆ, ಒಂಬತ್ತು ಪುಸ್ತಕ ಇದೆ. ಹತ್ತನೆಯೋನು ನೀನು, ಹತ್ತನೇದೂ ನಿನ್ನ ಕೈಲೇ ಇದೆ. ಓದು, ಇಲ್ಲಾಂದ್ರೆ ಹೇಳು, ಹತ್ತನ್ನೂ ಒಳಗೆ ಹಾಕಿ ಈಗ್ಲೇ ಹೊಲೀತೀನಿ. ಮಾತು ಕೊಟ್ಟಿದ್ದೀನಿ."

ಎದೆಯ ಮೇಲಿಂದ ಸೂಜಿ ತೆಗೆದು ಹಿಡಿದಳು.

ಟಾರಗಾನೋ ಸೂಜಿಯನ್ನು ನೋಡಿದ, ಪುಸ್ತಕವನ್ನು ನೋಡಿದ. ಆಮೇಲೆ ಟೋಪಿ ಹಾಕಿಕೊಂಡು ಒಳಗೆ ಹೋಗಿ ಯೋಮ್ತೋವ್ ಪಕ್ಕ ನಿಂತ. ದೊಡ್ಡಮ್ಮ ವಾಪಸ್ ತೆಗೆದುಕೊಂಡಿದ್ದ ಪುಸ್ತಕಗಳನ್ನು ಮತ್ತೆ ಹಂಚಿದಳು. ಹಾಹಾಮರು ಶುರುಮಾಡಿದರು.

ಮೊದಮೊದಲು ಎಲ್ಲರೂ ತಡವರಿಸಿದರು, ಹಳೆಯ ಅಚ್ಚು, ಗುರುತಿಲ್ಲದ ಕ್ರಮ. ಒಂದು ದನಿ ಮಾತ್ರ ಎಲ್ಲೂ ಎಡವಲಿಲ್ಲ. ನಾವು ಹೆಂಗಸರ ಕಡೆಯಿಂದ ಬಗ್ಗಿ ನೋಡಿದೆವು. ಟಾರಗಾನೋನ ಕಣ್ಣು ಮುಚ್ಚಿತ್ತು. ಪುಸ್ತಕ ಕೈಯಲ್ಲಿತ್ತು, ಅವನು ನೋಡುತ್ತಿರಲಿಲ್ಲ. ಪುಟದಿಂದ ಪುಟಕ್ಕೆ ಬಾಯಿಪಾಠ, ಅದೂ ರಾಗವಾಗಿ. ಕ್ರಮೇಣ ಉಳಿದ ಒಂಬತ್ತು ದನಿಗಳೂ ಅವನ ರಾಗಕ್ಕೆ ಬಂದು ಸೇರಿದವು.

"ಮಜಾಲ್ತೋ ಅಜ್ಜಿ," ಎಂದು ದೊಡ್ಡಮ್ಮ ನನ್ನ ಮೊಣಕೈ ಹಿಡಿದಳು. "ಅಂಜೂರ ಹರವೋವಾಗ ಹಾಡ್ತಿದ್ದಿದ್ದು ಇದೇ ಕಣೇ."

ಮುನ್ನೂರು ವರ್ಷ ಯಾರೂ ಓದಿಲ್ಲ ಎಂದಿದ್ದರಲ್ಲ ಹಾಹಾಮರು. ಕದ್ದೀಶ್ ಮುಗಿಸಿ ಅವರು ಮಾಡಿದ ಮೊದಲ ಕೆಲಸ, ಪಲೊಂಬಾ ಹಬೀಫಳ ಹತ್ತಿರ ಬಂದು ಎಲ್ಲರೆದುರಿಗೆ ಕ್ಷಮೆ ಕೇಳಿದ್ದು. ಅವಳು, "ಅಯ್ಯೋ ಹೋಗ್ಲಿ ಬಿಡಿ, ಗಾಡಿಯೋನು ಕಾಯ್ತಿದ್ದಾನೆ," ಎಂದು ಚೀಲದ ಬಾಯಿ ಹೊಲಿಯಲು ಕೂತಳು.

ಸ್ಮಶಾನಕ್ಕೆ ಎಲ್ಲರೂ ಬಂದರು. ಚೀಲ ಹೂಳಿ, ಕೈ ತೊಳೆದುಕೊಂಡು ಜನ ಗೇಟಿನ ಕಡೆ ನಡೆದರು. ದೊಡ್ಡಮ್ಮ ಮಾತ್ರ ಪ್ರತಿ ಸಲದಂತೆ ಹಿಂದಿನ ಗೋಡೆಯ ಹತ್ತಿರ ಹೋಗಿ, ಸೈಪ್ರೆಸ್ ಮರದ ಬುಡದಲ್ಲಿ, ನಾವು ಗೋರಿಗಳ ಮೇಲೆ ಇಡುವಂತೆ, ಒಂದು ಕಲ್ಲಿಟ್ಟಳು. ಅಲ್ಲಿ ಆಗಲೇ ಪುಟ್ಟ ಗುಡ್ಡೆಯಾಗುವಷ್ಟು ಕಲ್ಲುಗಳಿದ್ದವು. ಟಾರಗಾನೋ ಹಿಂದೆಯೇ ಬಂದಿದ್ದ, ಪುಸ್ತಕ ಇನ್ನೂ ಅವನ ಕೈಯಲ್ಲೇ ಇತ್ತು.

"ಇಲ್ಲಿ ಯಾರಿದ್ದಾರೆ ಪಲೊಂಬಾ?"

"ನಿನ್ನ ಕೈಲಿದೆಯಲ್ಲ, ಅದರ ಅಣ್ಣ. ನಾನೇ ತಿಳೀದೆ ಹೂಳಿದ್ದು. ಅಪ್ಪನ ಕಾಲದಲ್ಲಿ."

"ಅದನ್ನ ಕೊನೇ ಸಲ ಯಾರು ಓದಿದ್ರು?"

"ಯಾರಿಗ್ಗೊತ್ತು. ಇಲ್ಲಿ ನಿಂತು ಅದಕ್ಕೆ ಓದಿ ಕದ್ದೀಶ್ ಹೇಳ್ಸೋಣ ಅಂದ್ರೆ ನಾನು ಹೆಂಗಸು, ಹತ್ತು ಜನಾನ ಎಲ್ಲಿಂದ ತರ್ಲಿ?"

ಅವನು ಬಗ್ಗಿ, ಹುಡುಕಿ, ತಾನೂ ಒಂದು ಕಲ್ಲಿಟ್ಟ. ಆಮೇಲೆ ಮೊದಲ ಪುಟವನ್ನು ಅಗಲವಾಗಿ ತೆರೆದು ಹಿಡಿದು, ಗೇಟಿನ ಕಡೆ ತಿರುಗಿ, ಸಂತೆಯಲ್ಲಿ ಅಂಜೂರ ಕೂಗುವ ದನಿಯಲ್ಲಿ ಕರೆದ:

"ಏಯ್ ಯೋಮ್ತೋವ್! ಹಾಹಾಮರೇ! ಯಾರೂ ಹೋಗ್ಬೇಡ್ರೋ, ನಿಲ್ರಿ! ಇಲ್ಲಿ ಹತ್ತು ಜನ ಬೇಕು!"